ಇಂಗ್ಲೆಂಡಿನ ಕೌನ್ಸಿಲ್ ಕೈಯಲ್ಲಿ ನಿಮ್ಮ ಹೆಸರು, ವಿಳಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿಗೆ ಬಂದು ನೆಲೆಸಿದ ಕನ್ನಡಿಗರು ರಾಜ್ಯೋತ್ಸವದ ಊಟದ ಸಾಲಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಮೇಲ್‌ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ವೋಟರ್ ಲಿಸ್ಟು, ಕೌನ್ಸಿಲ್ ಸಭೆ, ಪಿಟಿಷನ್, ಕೌನ್ಸಿಲರ್‌ಗೆ ಬರೆದ ದೂರು, ಹೀಗೆ. ಕೌನ್ಸಿಲ್ ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಕೌನ್ಸಿಲರ್ ಅಂದರೆ ಅದಕ್ಕೆ ಚುನಾಯಿತರಾದ ಸದಸ್ಯ. ಉತ್ತರಗಳು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಕೆಲವು ನಿಯಮ ಬೇರೆ.

## ಶುರುವಿನ ಪ್ರಶ್ನೆಗಳು

ಡೆಮಾಕ್ರಟಿಕ್ ಸರ್ವೀಸಸ್ ಅಂತ ಕೌನ್ಸಿಲ್‌ನಿಂದ ಮೇಲ್ ಬಂತು. ಯಾರಿವರು?

ಕೌನ್ಸಿಲ್‌ನ ಸಭೆಗಳನ್ನು ನಡೆಸಿಕೊಡುವ ವಿಭಾಗ. ಅಜೆಂಡಾ ಹಂಚುವುದು, ನಡಾವಳಿ ಬರೆಯುವುದು, ಜನರ ಪ್ರಶ್ನೆ ಮತ್ತು ಪಿಟಿಷನ್ ತೆಗೆದುಕೊಳ್ಳುವುದು, ಕೌನ್ಸಿಲರ್‌ಗಳ ಆಸ್ತಿ-ಉದ್ಯೋಗದ ವಿವರ ಇಡುವುದು ಇವರ ಕೆಲಸ. ಸ್ಕೂಲ್ ಸೀಟಿನ ಅಪೀಲು ನಡೆಸುವುದೂ ಹಲವು ಕಡೆ ಇವರೇ. ನಮ್ಮ ಕಡೆ ಪಂಚಾಯ್ತಿ ಕಾರ್ಯದರ್ಶಿ ಒಬ್ಬರೇ ನಡಾವಳಿ ಪುಸ್ತಕ ಹಿಡಿದು ಮಾಡುವ ಕೆಲಸಕ್ಕೆ ಇಲ್ಲಿ ಒಂದು ವಿಭಾಗವೇ ಇದೆ. ಚುನಾವಣೆಯ ಕೆಲಸ ಕೆಲವು ಕೌನ್ಸಿಲ್‌ಗಳಲ್ಲಿ ಇದರ ಜೊತೆಗೇ ಇರುತ್ತದೆ, ಕೆಲವು ಕಡೆ ಬೇರೆ ಆಫೀಸು.

ನಂದು ಇಂಡಿಯನ್ ಪಾಸ್‌ಪೋರ್ಟ್. ನನ್ನ ಹೆಸರು ವೋಟರ್ ಲಿಸ್ಟಿಗೆ ಯಾಕೆ ಬೇಕು?

ಯಾಕೆಂದರೆ ನಿಮಗೆ ಇಲ್ಲಿ ವೋಟಿದೆ. ಭಾರತ ಕಾಮನ್‌ವೆಲ್ತ್ ದೇಶ. ಕಾಮನ್‌ವೆಲ್ತ್ ಪ್ರಜೆ ಸರಿಯಾದ ವೀಸಾದ ಮೇಲೆ ಇಲ್ಲಿ ವಾಸ ಮಾಡುತ್ತಿದ್ದರೆ ಕೌನ್ಸಿಲ್ ಚುನಾವಣೆಗೂ ಪಾರ್ಲಿಮೆಂಟ್ ಚುನಾವಣೆಗೂ ವೋಟು ಹಾಕಬಹುದು. ಓದಲು ಬಂದವರಿಗೂ ಇದು ಅನ್ವಯಿಸುತ್ತದೆ. ಬಂದು ವರ್ಷಗಳಾದರೂ ಇದು ಗೊತ್ತಿಲ್ಲದವರು ಬೇಕಾದಷ್ಟಿದ್ದಾರೆ.

ಅಷ್ಟೇ ಅಲ್ಲ, ಹೆಸರು ನೋಂದಾಯಿಸಿ ಎಂದು ಬಂದ ಪತ್ರಗಳನ್ನು ಸುಮ್ನೆ ಪಕ್ಕಕ್ಕಿಟ್ಟರೆ ಕೊನೆಗೆ 80 ಪೌಂಡ್ ದಂಡ ಬೀಳಬಹುದು. ಲಿಸ್ಟಿನಲ್ಲಿ ಹೆಸರಿದ್ದರೆ ಇನ್ನೊಂದು ಲಾಭವೂ ಇದೆ. ಸಾಲ ಕೊಡುವವರು ವಿಳಾಸ ತಾಳೆ ನೋಡುವುದು ಇದೇ ಪಟ್ಟಿಯಲ್ಲಿ. ಹೊಸದಾಗಿ ಬಂದವರಿಗೆ ಮೊಬೈಲ್ ಕಾಂಟ್ರ್ಯಾಕ್ಟ್, ಕ್ರೆಡಿಟ್ ಕಾರ್ಡ್ ಸಿಗುವುದು ಸ್ವಲ್ಪ ಸುಲಭವಾಗುತ್ತದೆ.

ನನ್ನ ಒಪ್ಪಿಗೆ ಇಲ್ಲದೆ ನನ್ನ ಮಾಹಿತಿ ಇಟ್ಟುಕೊಳ್ಳೋಕೆ ಇವರಿಗೆ ಹಕ್ಕಿದೆಯಾ?

ಹೆಚ್ಚಿನ ವಿಷಯಗಳಲ್ಲಿ ಇದೆ. ಬ್ರಿಟನ್ನಿನ ಜಿಡಿಪಿಆರ್ (ಖಾಸಗಿ ಮಾಹಿತಿ ರಕ್ಷಣೆಯ ನಿಯಮ) ಮತ್ತು 2018ರ ಡೇಟಾ ಪ್ರೊಟೆಕ್ಷನ್ ಕಾಯ್ದೆಯಲ್ಲಿ ಒಪ್ಪಿಗೆ ಅನ್ನುವುದು ಹಲವು ದಾರಿಗಳಲ್ಲಿ ಒಂದು ಮಾತ್ರ. ವೋಟರ್ ಲಿಸ್ಟು, ನಡಾವಳಿ ಇವೆಲ್ಲ ಕಾನೂನು ಹೇರಿದ ಕೆಲಸ ಅಥವಾ ಸಾರ್ವಜನಿಕ ಕೆಲಸದ ಲೆಕ್ಕಕ್ಕೆ ಬರುತ್ತವೆ. ಕೌನ್ಸಿಲ್‌ನ ಸುದ್ದಿಪತ್ರ ಮೇಲ್‌ಗೆ ಬರಲಿ ಅಂತ ಟಿಕ್ ಹಾಕಿದರೆ ಅದು ಒಪ್ಪಿಗೆ. ಬೇಡ ಅಂದ ದಿನ ಅದು ನಿಲ್ಲಬೇಕು.

ಹಾಗಾಗಿ ಒಪ್ಪಿಗೆಯ ಬೆನ್ನು ಹತ್ತುವುದರಿಂದ ಪ್ರಯೋಜನ ಕಮ್ಮಿ. ಫಾರಂ ತುಂಬುವ ಮುಂಚೆ, ಇದರಲ್ಲಿ ಏನೇನು ಊರಿಗೆಲ್ಲ ಕಾಣುತ್ತದೆ, ಏನು ಆಫೀಸಿನೊಳಗೇ ಉಳಿಯುತ್ತದೆ ಅಂತ ಕೇಳಿಕೊಳ್ಳಿ. ಒಂದೇ ಕೌನ್ಸಿಲ್‌ನಲ್ಲಿ, ಒಂದೇ ಫಾರಂನಲ್ಲಿ ಎರಡೂ ಬಗೆಯವು ಇರುತ್ತವೆ. ಪ್ರಕಟವಾದ ಮೇಲೆ ವಾಪಸ್ ತೆಗೆಸುವುದು ಕಷ್ಟ.

## ವೋಟರ್ ಲಿಸ್ಟು

ಓಪನ್ ರಿಜಿಸ್ಟರ್ ಅಂದ್ರೆ ಏನು? ಆ ಟಿಕ್ ಹಾಕಬೇಕಾ, ಬೇಡ್ವಾ?

ಇಲ್ಲಿ ವೋಟರ್ ಲಿಸ್ಟಿಗೆ ಎರಡು ರೂಪ. ಪೂರ್ತಿ ರಿಜಿಸ್ಟರ್‌ನಲ್ಲಿ ಎಲ್ಲರೂ ಇರುತ್ತಾರೆ. ಅದರ ಬಳಕೆಗೆ ಮಿತಿ ಇದೆ: ಚುನಾವಣೆ, ಅಪರಾಧ ತಡೆ, ಸಾಲದ ಅರ್ಜಿಯ ಪರಿಶೀಲನೆ, ಜ್ಯೂರಿಗೆ (ಕೋರ್ಟಿನಲ್ಲಿ ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ತಂಡಕ್ಕೆ) ಕರೆಯುವುದು. ಯಾರು ಬೇಕಾದರೂ ಆಫೀಸಿಗೆ ಹೋಗಿ ಅದನ್ನು ನೋಡಬಹುದು, ಆದರೆ ಸಿಬ್ಬಂದಿಯ ಕಣ್ಣೆದುರೇ. ಕೈಯಲ್ಲಿ ಬರೆದುಕೊಳ್ಳಬಹುದು, ಫೋಟೋ ತೆಗೆಯುವಂತಿಲ್ಲ. ಓಪನ್ ರಿಜಿಸ್ಟರ್ ಹಾಗಲ್ಲ. ಯಾವ ಕಂಪನಿ ಬೇಕಾದರೂ, ಯಾವ ವ್ಯಕ್ತಿ ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದು. ಆಮೇಲೆ ಅದು ಎಲ್ಲೆಲ್ಲಿಗೆ ಹೋಗುತ್ತದೋ ಹೇಳಲಾಗದು.

ಮುಂಚೆ ಇದ್ದದ್ದು ಒಂದೇ ಪಟ್ಟಿ, ಅದನ್ನೇ ಮಾರುತ್ತಿದ್ದರು. ವೇಕ್‌ಫೀಲ್ಡ್‌ನ ಮತದಾರರೊಬ್ಬರು ಇದನ್ನು ಒಪ್ಪದೆ ಕೋರ್ಟಿಗೆ ಹೋದರು. ವೋಟು ಬೇಕಾದರೆ ನನ್ನ ವಿಳಾಸ ವ್ಯಾಪಾರಿಗಳಿಗೂ ಹೋಗಬೇಕು ಅಂದರೆ ಯಾವ ನ್ಯಾಯ ಅನ್ನುವುದು ಅವರ ತಕರಾರು. 2001ರಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 2002ರಲ್ಲಿ ನಿಯಮ ಬದಲಾಗಿ ಪಟ್ಟಿ ಎರಡಾಯಿತು.

ಫಾರಂನಲ್ಲಿ ಒಂದು ಸಣ್ಣ ಕಿತಾಪತಿ ಇದೆ. ನೀವು ಏನೂ ಹೇಳದಿದ್ದರೆ ಓಪನ್ ರಿಜಿಸ್ಟರ್‌ಗೂ ಹೆಸರು ಸೇರಿಬಿಡುತ್ತದೆ. ಬೇಡ ಅಂತ ಸ್ಪಷ್ಟವಾಗಿ ಹೇಳಬೇಕು. ಹೇಳಿದರೆ ನಿಮ್ಮ ವೋಟಿಗೂ ಕ್ರೆಡಿಟ್ ಚೆಕ್‌ಗೂ ಏನೂ ಆಗುವುದಿಲ್ಲ. ಆಗ ಹೇಳಿರದಿದ್ದರೆ ಈಗಲೂ ಕೌನ್ಸಿಲ್‌ಗೆ ಒಂದು ಮೇಲ್ ಹಾಕಿ ತೆಗೆಸಬಹುದು. ನನ್ನನ್ನು ಕೇಳಿದರೆ, ತೆಗೆಸಿ.

ಪಾರ್ಟಿಯವರು ಬಾಗಿಲಿಗೆ ಬಂದು ನನ್ನ ಹೆಸರು ಹಿಡಿದೇ ಕರೆದರು. ಹೇಗೆ ಗೊತ್ತಾಯ್ತು?

ಪೂರ್ತಿ ರಿಜಿಸ್ಟರ್‌ನ ಪ್ರತಿ ಪಡೆಯುವ ಹಕ್ಕು ರಾಜಕೀಯ ಪಕ್ಷ, ಅಭ್ಯರ್ಥಿ ಮತ್ತು ಗೆದ್ದವರಿಗೆ ಕಾನೂನಿನಲ್ಲೇ ಇದೆ. ಓಪನ್ ರಿಜಿಸ್ಟರ್‌ನಿಂದ ಹೆಸರು ತೆಗೆಸಿದ್ದರೂ ಇದು ತಪ್ಪುವುದಿಲ್ಲ. ಜೊತೆಗೆ ಮಾರ್ಕ್ಡ್ ರಿಜಿಸ್ಟರ್ ಅಂತ ಒಂದಿದೆ. ಬೂತ್‌ನಲ್ಲಿ ನಿಮ್ಮ ಹೆಸರಿನ ಮೇಲೆ ಗೆರೆ ಎಳೆಯುತ್ತಾರಲ್ಲ, ಅದೇ ಪ್ರತಿ. ನೀವು ವೋಟು ಹಾಕಿದಿರಾ ಇಲ್ಲವಾ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ, ಯಾರಿಗೆ ಅನ್ನುವುದು ಗೊತ್ತಾಗುವುದಿಲ್ಲ. ಚುನಾವಣೆಯ ನಂತರ ಪಕ್ಷಗಳು ಅದನ್ನೂ ಕೊಳ್ಳಬಹುದು.

"ಈ ಸಲ ಯಾರಿಗೆ?" ಅಂತ ಅವರು ಕೇಳಿ ಬರೆದುಕೊಂಡರೆ ಆ ಟಿಪ್ಪಣಿ ಪಕ್ಷದ್ದು, ಕೌನ್ಸಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ಪ್ರಚಾರದ ಕರೆ, ಮೇಲ್, ಭೇಟಿ ಬೇಡ ಅಂತ ಪಕ್ಷಕ್ಕೇ ನೇರವಾಗಿ ಹೇಳಿ, ಅವರು ನಿಲ್ಲಿಸಲೇಬೇಕು.

ಹೆಸರು ಸೇರಿಸಿದರೆ ಹೋಮ್ ಆಫೀಸ್‌ಗೆ ಗೊತ್ತಾಗತ್ತಾ? ವೀಸಾಗೆ ತೊಂದರೆ ಆಗಲ್ವಾ?

ಅರ್ಜಿಯಲ್ಲಿ ಕಾಮನ್‌ವೆಲ್ತ್ ಪ್ರಜೆ ಅಂತ ಬರೆದರೆ, ವೋಟರ್ ಲಿಸ್ಟಿನ ಅಧಿಕಾರಿಗೆ ಅನುಮಾನ ಬಂದಲ್ಲಿ ನಿಮ್ಮ ವೀಸಾ ಸ್ಥಿತಿಯನ್ನು ಹೋಮ್ ಆಫೀಸ್, ಅಂದರೆ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ದಾಖಲೆಯೊಂದಿಗೆ ತಾಳೆ ನೋಡಬಹುದು. ವೀಸಾ ಸರಿಯಿದ್ದರೆ ಹೆದರುವ ಕಾರಣವೇ ಇಲ್ಲ. ವೋಟರ್ ಆಗುವುದು ನಿಮಗೆ ಇರುವ ಹಕ್ಕು. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ತೆರಿಗೆ, ಪಿಂಚಣಿ ಲೆಕ್ಕಕ್ಕೆ ಪ್ರತಿಯೊಬ್ಬರಿಗೂ ಕೊಡುವ ನಂಬರ್) ಮತ್ತು ಹುಟ್ಟಿದ ದಿನಾಂಕ ಕೇಳುವುದು ಗುರುತು ಖಚಿತ ಮಾಡಿಕೊಳ್ಳಲು. ಆ ನಂಬರ್ ರಿಜಿಸ್ಟರ್‌ನಲ್ಲಿ ಅಚ್ಚಾಗುವುದಿಲ್ಲ.

ಜ್ಯೂರಿಗೆ ಕರೆ ಬಂದರೆ ಬೆಚ್ಚಿಬೀಳಬೇಡಿ. ಅದೂ ಇದೇ ಪಟ್ಟಿಯಿಂದ. 13 ವರ್ಷದ ನಂತರ ಕನಿಷ್ಠ 5 ವರ್ಷ ಬ್ರಿಟನ್ನಿನಲ್ಲಿ ಇದ್ದವರು ಭಾರತೀಯ ಪ್ರಜೆಯಾಗಿದ್ದರೂ ಹೋಗಬೇಕಾಗುತ್ತದೆ.

ಬೂತ್‌ನಲ್ಲಿ ಪಾಸ್‌ಪೋರ್ಟ್ ತೋರಿಸಬೇಕಂತೆ. ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತಾ?

ನಡೆಯುತ್ತದೆ. 2022ರ ಎಲೆಕ್ಷನ್ಸ್ ಕಾಯ್ದೆಯಿಂದ ಫೋಟೋ ಗುರುತು ಕಡ್ಡಾಯವಾಯಿತು. ಇಂಗ್ಲೆಂಡಿನಲ್ಲಿ ಮೊದಲು ಜಾರಿಗೆ ಬಂದದ್ದು 2023ರ ಮೇ 4ರ ಕೌನ್ಸಿಲ್ ಚುನಾವಣೆಯಲ್ಲಿ. ಕಾಮನ್‌ವೆಲ್ತ್ ದೇಶಗಳ ಪಾಸ್‌ಪೋರ್ಟ್ ಪಟ್ಟಿಯಲ್ಲಿದೆ. ಅವಧಿ ಮುಗಿದಿದ್ದರೂ ಫೋಟೋ ನಿಮ್ಮ ಮುಖಕ್ಕೆ ಹೊಂದಿದರೆ ಸಾಕು. ಮುಖ ಮುಚ್ಚುವ ಬಟ್ಟೆ ಧರಿಸುವವರು ಮರೆಯಲ್ಲಿ ತೋರಿಸುತ್ತೇನೆ ಅಂತ ಕೇಳಬಹುದು. ಯಾವ ಗುರುತೂ ಇಲ್ಲದವರಿಗೆ ಕೌನ್ಸಿಲ್ ಪುಕ್ಕಟೆ ಸರ್ಟಿಫಿಕೇಟ್ ಕೊಡುತ್ತದೆ.

ಬ್ಯಾಲೆಟ್ ಪೇಪರ್ ಹಿಂದೆ ನಂಬರ್ ಇತ್ತು. ಹಾಗಾದ್ರೆ ನಾನು ಯಾರಿಗೆ ಹಾಕಿದೆ ಅಂತ ಹುಡುಕಬಹುದಲ್ವಾ?

ಒಳ್ಳೆಯ ಪ್ರಶ್ನೆ. ತಾಂತ್ರಿಕವಾಗಿ ಹೌದು. ಬೂತ್ ಸಿಬ್ಬಂದಿ ಒಂದು ಪಟ್ಟಿಯಲ್ಲಿ ಬ್ಯಾಲೆಟ್ ನಂಬರ್ ಎದುರು ನಿಮ್ಮ ಮತದಾರ ಸಂಖ್ಯೆ ಬರೆಯುತ್ತಾರೆ. ಇನ್ನೊಬ್ಬರ ಹೆಸರಲ್ಲಿ ಯಾರೋ ವೋಟು ಹಾಕಿದ ದೂರು ಬಂದರೆ ಪತ್ತೆ ಹಚ್ಚಲು ಈ ಏರ್ಪಾಡು. ಎಣಿಕೆಯಾದ ಮೇಲೆ ಬ್ಯಾಲೆಟ್ ಮತ್ತು ಆ ಪಟ್ಟಿ ಬೇರೆ ಬೇರೆ ಪೊಟ್ಟಣದಲ್ಲಿ ಸೀಲ್ ಆಗುತ್ತವೆ. ಕೋರ್ಟಿನ ಆದೇಶ ಇಲ್ಲದೆ ಒಡೆಯುವಂತಿಲ್ಲ. ಒಂದು ವರ್ಷದ ನಂತರ ನಾಶ ಮಾಡುತ್ತಾರೆ.

ಮನೆಯವರ ಹಿಂಸೆ ತಾಳಲಾರದೆ ಬೇರೆ ಊರಿಗೆ ಬಂದಿದ್ದೇನೆ. ವೋಟರ್ ಲಿಸ್ಟಿನಿಂದ ವಿಳಾಸ ಗೊತ್ತಾಗಿಬಿಟ್ಟರೆ?

ನಿಮ್ಮಂಥವರಿಗಾಗಿಯೇ ಹೆಸರಿಲ್ಲದ ನೋಂದಣಿ ಅನ್ನುವ ವ್ಯವಸ್ಥೆ ಇದೆ. 2006ರ ಕಾಯ್ದೆಯಿಂದ ಬಂದದ್ದು. ಹೆಸರು ಮತ್ತು ವಿಳಾಸದ ಜಾಗದಲ್ಲಿ ಬರೀ ಒಂದು ನಂಬರ್ ಮತ್ತು ಒಂದು ಅಕ್ಷರ ಇರುತ್ತದೆ. ಇದಕ್ಕೆ ಕೋರ್ಟಿನ ರಕ್ಷಣಾ ಆದೇಶ ಬೇಕು, ಇಲ್ಲವೇ ನಿಮಗೆ ಅಪಾಯವಿದೆ ಅಂತ ಅಧಿಕಾರವಿರುವ ಒಬ್ಬರು ಸಹಿ ಹಾಕಿಕೊಡಬೇಕು. 2018ರಲ್ಲಿ ಈ ನಿಯಮ ಸಡಿಲವಾಯಿತು. ಈಗ ಪೊಲೀಸ್ ಇನ್‌ಸ್ಪೆಕ್ಟರ್, ನೋಂದಾಯಿತ ವೈದ್ಯರು, ಆಶ್ರಯ ಕೇಂದ್ರದ ಮ್ಯಾನೇಜರ್ ಸಹಿಯೂ ನಡೆಯುತ್ತದೆ. ನಿಮ್ಮ ಜಿಪಿಯನ್ನೇ, ಅಂದರೆ ಮಾಮೂಲಿ ವೈದ್ಯರನ್ನೇ ಕೇಳಬಹುದು ಅಂತಾಯಿತು.

12 ತಿಂಗಳಿಗೊಮ್ಮೆ ಮತ್ತೆ ಅರ್ಜಿ ಹಾಕಬೇಕು, ಇದನ್ನು ಮರೆಯಬೇಡಿ. ಅರ್ಜಿ ಹಾಕುವ ಮೊದಲು ಎಲೆಕ್ಟೋರಲ್ ಆಫೀಸಿಗೆ ಫೋನ್ ಮಾಡಿ ವಿಷಯ ಹೇಳಿ. ಸುಮ್ನೆ ಮಾಮೂಲಿ ಆನ್‌ಲೈನ್ ಫಾರಂ ತುಂಬಿದರೆ ಹೆಸರು ಮಾಮೂಲಿ ಪಟ್ಟಿಗೇ ಹೋಗುತ್ತದೆ.

## ಸಭೆ, ಪಿಟಿಷನ್, ಕೌನ್ಸಿಲರ್

ಕೌನ್ಸಿಲ್ ಸಭೆಯಲ್ಲಿ ಪ್ರಶ್ನೆ ಕೇಳಬೇಕು ಅಂತಿದ್ದೇನೆ. ನನ್ನ ಹೆಸರು, ಮುಖ ಎಲ್ಲ ಹೊರಗೆ ಬರುತ್ತಾ?

ಹೆಸರು ಮತ್ತು ಪ್ರಶ್ನೆ ಸಾಮಾನ್ಯವಾಗಿ ನಡಾವಳಿಯಲ್ಲಿ ಬರುತ್ತವೆ. ವಿಳಾಸ ಕೇಳುವುದು ನೀವು ಆ ಊರಿನವರೇ ಅಂತ ನೋಡಲು, ಪ್ರಕಟಿಸಲು ಅಲ್ಲ. ಸಭೆ ವೆಬ್‌ನಲ್ಲಿ ನೇರ ಪ್ರಸಾರವಾಗುತ್ತಿದ್ದರೆ ಮುಖವೂ ಕಾಣುತ್ತದೆ. ಕ್ಯಾಮೆರಾಕ್ಕೆ ಬೀಳದ ಕಡೆ ಕೂರಿಸಿ, ಅಥವಾ ಪ್ರಶ್ನೆಯನ್ನು ಅಧ್ಯಕ್ಷರೇ ಓದಲಿ ಅಂತ ಮುಂಚೆಯೇ ಕೇಳಿ ನೋಡಿ.

ಕೌನ್ಸಿಲ್ ಚಿತ್ರೀಕರಿಸದಿದ್ದರೂ ಬೇರೆಯವರು ಮಾಡಬಹುದು. 2014ರ ನಿಯಮಗಳ ಪ್ರಕಾರ ಬಹಿರಂಗ ಸಭೆಯನ್ನು ಯಾರು ಬೇಕಾದರೂ ಚಿತ್ರೀಕರಿಸಿ ಹಾಕಬಹುದು. ಹ್ಯಾಂಡ್‌ಫರ್ತ್ ಪ್ಯಾರಿಷ್ ಕೌನ್ಸಿಲ್ (ಕೆಳಹಂತದ ಚಿಕ್ಕ ಊರ ಕೌನ್ಸಿಲ್) ನೆನಪಿದೆಯಲ್ಲ? 2020ರ ಡಿಸೆಂಬರ್‌ನ ಝೂಮ್ ಸಭೆಯ ಜಗಳ 2021ರ ಫೆಬ್ರವರಿಯಲ್ಲಿ ದೇಶಕ್ಕೆಲ್ಲ ಮನರಂಜನೆಯಾಯಿತು. ಚಿಕ್ಕ ಸಭೆ, ಯಾರು ನೋಡುತ್ತಾರೆ ಅಂದುಕೊಳ್ಳುವುದು ಬೇಡ.

ಮೂರು ವರ್ಷದ ಹಿಂದಿನ ನಡಾವಳಿಯಲ್ಲಿ ನನ್ನ ಹೆಸರಿದೆ. ಗೂಗಲ್ ಮಾಡಿದರೆ ಮೊದಲು ಅದೇ ಬರುತ್ತೆ. ತೆಗೆಸಬಹುದಾ?

ಪೂರ್ತಿ ಅಳಿಸಿ ಅಂದರೆ ಆಗಲಿಕ್ಕಿಲ್ಲ. ನಡಾವಳಿ ಕಾನೂನಿನ ದಾಖಲೆ. ಸಭೆ ಆದ ಮೇಲೆ 6 ವರ್ಷ ಜನರಿಗೆ ಸಿಗುವಂತಿಡಬೇಕು. ಅಳಿಸುವ ಹಕ್ಕು ಇಂಥ ಕಡೆ ನಡೆಯುವುದು ಅಪರೂಪ. ಆದರೆ ಆಕ್ಷೇಪಿಸುವ ಹಕ್ಕು ಬೇರೆಯೇ ಇದೆ. ನಿಮ್ಮ ಪರಿಸ್ಥಿತಿ ವಿವರಿಸಿ, ವೆಬ್‌ಸೈಟಿನ ಪ್ರತಿಯಲ್ಲಿ ಹೆಸರಿನ ಬದಲು "ಒಬ್ಬ ನಿವಾಸಿ" ಅಂತ ಹಾಕಿ ಎಂದು ಕೇಳಿ. ಹುಡುಕಾಟದಲ್ಲಿ ಬರದಂತೆ ಮಾಡಲು ಗೂಗಲ್‌ಗೆ ಬೇರೆಯಾಗಿ ಅರ್ಜಿ ಹಾಕಬಹುದು.

ಕೌನ್ಸಿಲರ್‌ಗೆ ಮನೆಯ ತೊಂದರೆ, ಮಗುವಿನ ಕಾಯಿಲೆ ಎಲ್ಲ ಬರೆದಿದ್ದೇನೆ. ಯಾರ್ಯಾರು ಓದ್ತಾರೆ?

ನಿಮ್ಮ ಕೆಲಸ ಆಗಲು ಯಾರಿಗೆ ಹೇಳಬೇಕೋ ಅವರಿಗೆ. ಕೌನ್ಸಿಲರ್ ಒಬ್ಬರೇ ಆದರೂ ಅವರ ಪಾತ್ರ ಮೂರು. ಕಮಿಟಿಯಲ್ಲಿ ಕೂತಾಗ ಕೌನ್ಸಿಲ್‌ನ ಭಾಗ. ನಿಮ್ಮ ದೂರು ಹಿಡಿದು ಓಡಾಡುವಾಗ ವಾರ್ಡಿನ ಪ್ರತಿನಿಧಿ. ಪ್ರಚಾರ ಮಾಡುವಾಗ ಪಕ್ಷದವರು. ಎರಡನೇ ಪಾತ್ರದಲ್ಲಿ ನಿಮ್ಮ ಮಾಹಿತಿಗೆ ಅವರೇ ಸ್ವತಃ ಹೊಣೆ, ಕೌನ್ಸಿಲ್ ಅಲ್ಲ.

ಆರೋಗ್ಯದ ವಿಷಯ ಕಾನೂನಿನ ಕಣ್ಣಲ್ಲಿ ಹೆಚ್ಚು ಸೂಕ್ಷ್ಮ. ಆದರೂ 2018ರ ಕಾಯ್ದೆಯಲ್ಲಿ ಚುನಾಯಿತ ಪ್ರತಿನಿಧಿಗೆ ಒಂದು ಅನುಕೂಲ ಇದೆ. ನೀವೇ ಸಹಾಯ ಕೇಳಿದಾಗ ಪ್ರತಿ ಹೆಜ್ಜೆಗೂ ಸಹಿ ಹಾಕಿಸಿಕೊಳ್ಳದೆ ಹೌಸಿಂಗ್ ವಿಭಾಗದೊಂದಿಗೆ ಅದನ್ನು ಚರ್ಚಿಸಬಹುದು. ನೀವು ಊಹಿಸದ ಕಡೆಗೆ ಕಳಿಸುವ ಮುಂಚೆ ಮಾತ್ರ ಕೇಳಬೇಕು. ಗಂಡನ ಪರವಾಗಿ ಹೆಂಡತಿ, ಅತ್ತೆಯ ಪರವಾಗಿ ಸೊಸೆ ಬರೆದರೆ ಅವರ ಒಪ್ಪಿಗೆ ತನ್ನಿ ಅನ್ನಬಹುದು, ಬೇಸರ ಬೇಡ.

ದೂರಿಗೆ ಕೊಟ್ಟ ಮೇಲ್ ವಿಳಾಸಕ್ಕೆ ನಾಳೆ ಪಕ್ಷದ ಪ್ರಚಾರಪತ್ರ ಬಂದರೆ ಅದು ತಪ್ಪು. ಅಲ್ಲಿಗೇ ಬಿಡಬೇಡಿ.

ಪಿಟಿಷನ್‌ಗೆ ಸಹಿ ಹಾಕಿದರೆ ಎದುರು ಪಾರ್ಟಿಗೆ ಗೊತ್ತಾಗುತ್ತಾ?

ಒಂದೊಂದು ಕೌನ್ಸಿಲ್ ಒಂದೊಂದು ಥರ. ಪಿಟಿಷನ್ ಬಗ್ಗೆ ದೇಶಕ್ಕೆಲ್ಲ ಒಂದೇ ಕಡ್ಡಾಯ ನಿಯಮ 2009ರ ಕಾಯ್ದೆಯಲ್ಲಿತ್ತು, 2011ರ ಲೋಕಲಿಸಂ ಕಾಯ್ದೆ ಅದನ್ನು ತೆಗೆದುಹಾಕಿತು. ಶುರು ಮಾಡಿದವರ ಹೆಸರು ಸಾಮಾನ್ಯವಾಗಿ ಕಾಣುತ್ತದೆ. ಸಹಿ ಹಾಕಿದವರ ಹೆಸರೂ ಕಾಣುತ್ತದಾ ಅನ್ನುವುದನ್ನು ಸಹಿ ಹಾಕುವ ಮೊದಲೇ ಆ ಪುಟದಲ್ಲಿ ಓದಿಕೊಳ್ಳಿ. ಕಾಗದದ ಪಿಟಿಷನ್‌ನಲ್ಲಂತೂ ನಿಮ್ಮ ಮೇಲಿನ ಸಾಲಿನವರ ವಿಳಾಸವನ್ನು ನೀವೂ ನೋಡುತ್ತೀರಿ, ನಿಮ್ಮದನ್ನು ಕೆಳಗಿನವರೂ ನೋಡುತ್ತಾರೆ.

ಪಕ್ಕದ ಮನೆಯವರ ಎಕ್ಸ್‌ಟೆನ್ಷನ್‌ಗೆ ಆಕ್ಷೇಪ ಹಾಕಬೇಕು. ಅವರಿಗೆ ತಿಳಿಯದಂತೆ ಆಗುತ್ತಾ?

ಆಗುವುದಿಲ್ಲ. ಪ್ಲಾನಿಂಗ್, ಅಂದರೆ ಕಟ್ಟಡದ ಅನುಮತಿಯ ಮೇಲಿನ ಆಕ್ಷೇಪಗಳು ಸಾರ್ವಜನಿಕ ದಾಖಲೆ. ಹೆಸರು, ವಿಳಾಸ ಹೆಚ್ಚಿನ ಕಡೆ ವೆಬ್‌ಸೈಟಿನಲ್ಲಿ ಬರುತ್ತವೆ. ಫೋನ್ ನಂಬರ್, ಮೇಲ್, ಸಹಿಯನ್ನು ಕಪ್ಪು ಮಾಡಿ ಹಾಕುತ್ತಾರೆ. ಅನಾಮಧೇಯ ಪತ್ರಕ್ಕೆ ಬೆಲೆ ಕಮ್ಮಿ.

ಕಪ್ಪು ಮಾಡಲು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಬಸಿಲ್ಡನ್ ಉದಾಹರಣೆ. 2015ರಲ್ಲಿ ಆ ಕೌನ್ಸಿಲ್ ಒಂದು ಪ್ಲಾನಿಂಗ್ ಅರ್ಜಿಯ ಹೇಳಿಕೆಯನ್ನು ಹಾಗೇ ವೆಬ್‌ಸೈಟಿಗೆ ಏರಿಸಿತು. ಅದರಲ್ಲಿ ಒಂದು ಕುಟುಂಬದ ಅಂಗವೈಕಲ್ಯ, ಮಾನಸಿಕ ಆರೋಗ್ಯದ ವಿವರ ಇತ್ತು. ಹಲವು ವಾರ ಎಲ್ಲರಿಗೂ ಕಾಣುತ್ತಿತ್ತು. 2017ರಲ್ಲಿ ಮಾಹಿತಿ ಆಯುಕ್ತರ ಕಚೇರಿ, ಅಂದರೆ ಐಸಿಒ, 1,50,000 ಪೌಂಡ್ ದಂಡ ಹಾಕಿತು. ಇದರಿಂದ ನಮಗೂ ಒಂದು ಪಾಠ: ಆಕ್ಷೇಪದಲ್ಲಿ ಬೆಳಕು, ಪಾರ್ಕಿಂಗ್, ಸದ್ದು ಬರೆಯಿರಿ. ಅತ್ತೆಯ ಮಂಡಿನೋವು ಬೇಡ.

ಮಗಳ ಸ್ಕೂಲ್ ಅಪೀಲಿಗೆ ಡಾಕ್ಟರ್ ಪತ್ರ ಕೊಟ್ಟಿದ್ದೇನೆ. ಅದೂ ಪಬ್ಲಿಕ್ಕಾ?

ಅಲ್ಲ. ಅಪೀಲು ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಸ್ವತಂತ್ರ ಪ್ಯಾನೆಲ್, ಅದರ ಕ್ಲರ್ಕ್ ಮತ್ತು ಸೀಟು ನಿರಾಕರಿಸಿದ ಕಡೆಯವರು ಓದುತ್ತಾರೆ. ಟಿಪ್ಪಣಿಗಳನ್ನು ಕನಿಷ್ಠ 2 ವರ್ಷ ಭದ್ರವಾಗಿಡಬೇಕು. ನೀವು ಕೊಟ್ಟದ್ದನ್ನು ಎದುರು ಪಕ್ಷವೂ ಓದುತ್ತದೆ ಅನ್ನುವುದು ನೆನಪಿರಲಿ.

## ಸ್ವಲ್ಪ ಆಳದ ಪ್ರಶ್ನೆಗಳು

ನಾನೇ ಕೌನ್ಸಿಲ್ ಚುನಾವಣೆಗೆ ನಿಲ್ಲಬೇಕು ಅಂತಿದ್ದೇನೆ. ಮನೆ ವಿಳಾಸ ಎಲ್ಲರಿಗೂ ಕೊಡಬೇಕಾ? ಹೆಂಡತಿಯ ಕೆಲಸವನ್ನೂ ಹೇಳಬೇಕಂತೆ?

ಮೊದಲು ವಿಳಾಸ. ಮುಂಚೆ ಬ್ಯಾಲೆಟ್ ಪೇಪರ್ ಮೇಲೇ ಅಭ್ಯರ್ಥಿಯ ಮನೆ ವಿಳಾಸ ಅಚ್ಚಾಗುತ್ತಿತ್ತು. 2016ರಲ್ಲಿ ಸಂಸದೆ ಜೋ ಕಾಕ್ಸ್ ಕೊಲೆಯಾದ ಮೇಲೆ ಜನಪ್ರತಿನಿಧಿಗಳ ಸುರಕ್ಷತೆಯ ಮಾತು ಜೋರಾಯಿತು. 2017ರಲ್ಲಿ ಸಾರ್ವಜನಿಕ ಜೀವನದ ಮಾನದಂಡಗಳ ಸಮಿತಿ ಈ ಕಡ್ಡಾಯ ಬೇಡ ಎಂದು ಶಿಫಾರಸು ಮಾಡಿತು. 2019ರಿಂದ ಬೇಡ ಅಂದರೆ ವಿಳಾಸ ಪ್ರಕಟವಾಗುವುದಿಲ್ಲ, ಯಾವ ಪ್ರದೇಶದವರು ಅಂತಷ್ಟೇ ಬರುತ್ತದೆ.

ಗೆದ್ದ ಮೇಲೆ ಕಥೆ ಬೇರೆ. 2011ರ ಲೋಕಲಿಸಂ ಕಾಯ್ದೆಯ ಪ್ರಕಾರ 28 ದಿನದೊಳಗೆ ನಿಮ್ಮ ಉದ್ಯೋಗ, ಆ ಪ್ರದೇಶದ ಜಮೀನು-ಮನೆ, ಷೇರು, ಕೌನ್ಸಿಲ್ ಜೊತೆಗಿನ ಕಾಂಟ್ರ್ಯಾಕ್ಟ್ ಎಲ್ಲ ರಿಜಿಸ್ಟರ್ ಮಾಡಬೇಕು. ನಿಮಗೆ ತಿಳಿದಿರುವ ಮಟ್ಟಿಗೆ ಹೆಂಡತಿಯ ಅಥವಾ ಗಂಡನ ವಿವರವೂ ಸೇರಬೇಕು. ಕಾರಣವಿಲ್ಲದೆ ಮುಚ್ಚಿಟ್ಟರೆ ಅಪರಾಧ. ಆ ರಿಜಿಸ್ಟರ್ ವೆಬ್‌ಸೈಟಿನಲ್ಲಿರುತ್ತದೆ. ಸ್ವಂತ ಮನೆಯೂ ಜಮೀನೇ ಆದ್ದರಿಂದ ವಿಳಾಸ ಈ ದಾರಿಯಲ್ಲಿ ಮತ್ತೆ ಹೊರಗೆ ಬರುತ್ತದೆ. ಹಿಂಸೆ, ಬೆದರಿಕೆಯ ಭಯವಿದ್ದರೆ ಕೌನ್ಸಿಲ್‌ನಲ್ಲಿ ಕಾನೂನು ಪಾಲನೆ ನೋಡಿಕೊಳ್ಳುವ ಮಾನಿಟರಿಂಗ್ ಆಫೀಸರ್‌ಗೆ ಹೇಳಿ. ಅವರು ಒಪ್ಪಿದರೆ ಸೂಕ್ಷ್ಮ ವಿವರ ಎಂದು ಪರಿಗಣಿಸಿ ಸಾರ್ವಜನಿಕ ಪ್ರತಿಯಿಂದ ತೆಗೆಯುತ್ತಾರೆ. ನಾಮಪತ್ರದ ದಿನವೇ ಇದನ್ನು ಯೋಚಿಸಿಟ್ಟುಕೊಳ್ಳಿ.

ಕರ್ನಾಟಕದಲ್ಲಿ ಎಂಎಲ್‌ಎ ಅಭ್ಯರ್ಥಿ ಗೆಲ್ಲುವ ಮೊದಲೇ ಅಫಿಡವಿಟ್‌ನಲ್ಲಿ ಚಿನ್ನ, ಸಾಲ, ಕೇಸು ಎಲ್ಲ ಹೇಳಿಬಿಡುತ್ತಾರೆ. ಇಲ್ಲಿನ ಕೌನ್ಸಿಲ್ ಚುನಾವಣೆಯಲ್ಲಿ ಹಾಗಿಲ್ಲ. ಗೆದ್ದವರದ್ದಷ್ಟೇ, ಅದೂ ಮೊತ್ತ ಇಲ್ಲದೆ.

ಅಜೆಂಡಾದಲ್ಲಿ ಪತ್ರಕರ್ತರು, ಸಾರ್ವಜನಿಕರು ಹೊರಗೆ ಹೋಗಬೇಕು ಅಂತ ಇತ್ತು. ಏನು ಮುಚ್ಚಿಡ್ತಿದ್ದಾರೆ?

ಹಲವು ಸಲ ನಿಮ್ಮಂಥವರ ಖಾಸಗಿ ವಿಷಯವನ್ನೇ. ಕೆಲವು ಸಲ ದುಡ್ಡಿನ ವಿಷಯವನ್ನು. 1972ರ ಲೋಕಲ್ ಗವರ್ನಮೆಂಟ್ ಕಾಯ್ದೆಯ 12ಎ ಅನುಸೂಚಿಯಲ್ಲಿ ಮುಚ್ಚಿಡಬಹುದಾದವುಗಳ ಪಟ್ಟಿಯಿದೆ. ಅದರ ಮೊದಲ ಬಾಬ್ತೇ "ಯಾವುದೇ ವ್ಯಕ್ತಿಗೆ ಸಂಬಂಧಿಸಿದ ಮಾಹಿತಿ". ಇಂಥ ವರದಿಗಳನ್ನು ಹಲವು ಕೌನ್ಸಿಲ್‌ಗಳು ಗುಲಾಬಿ ಕಾಗದದಲ್ಲಿ ಅಚ್ಚು ಮಾಡುತ್ತಿದ್ದವು, ಅದಕ್ಕೇ ಪಿಂಕ್ ಪೇಪರ್ಸ್ ಅಂತ ಹೆಸರು. ಆದರೆ ವ್ಯಕ್ತಿಯ ಹೆಸರಿದೆ ಅಂತಷ್ಟೇ ಬಾಗಿಲು ಹಾಕುವಂತಿಲ್ಲ. ಮುಚ್ಚಿಡುವುದರಿಂದ ಜನರಿಗೆ ಆಗುವ ಒಳಿತು ಬಿಚ್ಚಿಡುವುದಕ್ಕಿಂತ ಹೆಚ್ಚು ಅಂತ ತೋರಬೇಕು.

ಚಿಕ್ಕ ಪ್ಯಾರಿಷ್ ಕೌನ್ಸಿಲ್‌ಗಳಿಗೆ 1960ರ ಬೇರೆ ಕಾಯ್ದೆ ಇದೆ. ಅದನ್ನು ಖಾಸಗಿ ಮಸೂದೆಯಾಗಿ ತಂದವರು ಆಗಷ್ಟೇ ಸಂಸತ್ತಿಗೆ ಬಂದಿದ್ದ ಮಾರ್ಗರೆಟ್ ಥ್ಯಾಚರ್.

ನನ್ನ ಬಗ್ಗೆ ಕೌನ್ಸಿಲ್‌ನಲ್ಲಿ ಏನೇನಿದೆ ಅಂತ ನೋಡಬೇಕು. ಎಫ್‌ಒಐ ಹಾಕ್ಲಾ?

ಬೇಡ. ನಿಮ್ಮದೇ ಮಾಹಿತಿಗೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಹಾಕಿ. ಪುಕ್ಕಟೆ, ಒಂದು ತಿಂಗಳ ಗಡುವು. ಜಟಿಲವಾಗಿದ್ದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ಎಫ್‌ಒಐ ಅಂದರೆ ನಮ್ಮ ಆರ್‌ಟಿಐ ಥರದ್ದು. 20 ಕೆಲಸದ ದಿನದಲ್ಲಿ ಉತ್ತರ ಬರಬೇಕು, ಉತ್ತರ ಜಗತ್ತಿಗೆಲ್ಲ ಕೊಟ್ಟಂತೆ. ಬೇರೆಯವರ ಖಾಸಗಿ ವಿವರ ಅದರಲ್ಲಿ ಸಿಗುವುದಿಲ್ಲ. ಕೆಲವೊಮ್ಮೆ ತಪ್ಪಿ ಸಿಗುತ್ತದೆ. ಲಂಡನ್ನಿನ ಇಸ್ಲಿಂಗ್ಟನ್ ಕೌನ್ಸಿಲ್ ಎಫ್‌ಒಐ ಉತ್ತರವಾಗಿ ಎಕ್ಸೆಲ್ ಹಾಳೆ ಕಳಿಸಿತ್ತು. ನೋಡಲು ಬರೀ ಮೊತ್ತಗಳು. ಪಿವಟ್ ಟೇಬಲ್, ಅಂದರೆ ಮೊತ್ತ ತೋರಿಸುವ ಆ ಕೋಷ್ಟಕದ ಹಿಂದೆ 2,375 ನಿವಾಸಿಗಳ ವಿವರ ಅಡಗಿತ್ತು. 2013ರಲ್ಲಿ 70,000 ಪೌಂಡ್ ದಂಡ ಬಿತ್ತು.

ಕೌನ್ಸಿಲ್ ಕೆಲಸದ ಬಗ್ಗೆ ಕೌನ್ಸಿಲರ್ ಸ್ವಂತ ಜಿಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬರೆದದ್ದೂ ಎಫ್‌ಒಐ ಒಳಗೆ ಬರಬಹುದು. ಆದರೆ ವೋಟರ್ ಲಿಸ್ಟಿನ ಅಧಿಕಾರಿಗೆ ಎಫ್‌ಒಐ ಅನ್ವಯಿಸುವುದಿಲ್ಲ. ಕಾನೂನಿನಲ್ಲಿ ಆ ಹುದ್ದೆ ಕೌನ್ಸಿಲ್‌ನಿಂದ ಬೇರೆ, ಮಾಹಿತಿಯ ಹೊಣೆಯೂ ಬೇರೆ. ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಹಾಕುವಾಗಲೂ ಇಬ್ಬರಿಗೂ ಬೇರೆ ಬೇರೆ ಬರೆಯಿರಿ.

ವೋಟರ್ ಲಿಸ್ಟೇ ಹ್ಯಾಕ್ ಆಗಿತ್ತಂತೆ, ನಿಜಾನಾ?

ನಿಜ, ಆದರೆ ಕೌನ್ಸಿಲ್‌ನಲ್ಲಿ ಅಲ್ಲ, ಚುನಾವಣೆಗಳ ಮೇಲೆ ನಿಗಾ ಇಡುವ ಎಲೆಕ್ಟೋರಲ್ ಕಮಿಷನ್‌ನಲ್ಲಿ. 2021ರ ಆಗಸ್ಟ್‌ನಲ್ಲಿ ಒಳನುಗ್ಗಿದವರು ಪತ್ತೆಯಾದದ್ದು 2022ರ ಅಕ್ಟೋಬರ್‌ನಲ್ಲಿ, ಜನರಿಗೆ ತಿಳಿಸಿದ್ದು 2023ರ ಆಗಸ್ಟ್‌ನಲ್ಲಿ. ಸುಮಾರು 4 ಕೋಟಿ ಜನರ ಹೆಸರು, ವಿಳಾಸ. ಹೆಸರಿಲ್ಲದ ನೋಂದಣಿಯವರ ವಿವರ ಅದರಲ್ಲಿ ಇರಲಿಲ್ಲ. 2024ರ ಜುಲೈನಲ್ಲಿ ಐಸಿಒ ಛೀಮಾರಿ ಹಾಕಿತು. ದಂಡ ಇಲ್ಲ. 2022ರಿಂದ ಸರ್ಕಾರಿ ಸಂಸ್ಥೆಗಳಿಗೆ ದಂಡಕ್ಕಿಂತ ಛೀಮಾರಿಯೇ ಜಾಸ್ತಿ. ದಂಡದ ದುಡ್ಡೂ ನಮ್ಮ ತೆರಿಗೆಯದ್ದೇ ಅನ್ನುವುದು ವಾದ. ಅರ್ಧ ಒಪ್ಪುತ್ತೇನೆ.

ಕೌನ್ಸಿಲ್‌ನವರು ನನ್ನ ಮಾಹಿತಿ ತಪ್ಪಾಗಿ ಬಯಲು ಮಾಡಿದ್ದಾರೆ. ಎಲ್ಲಿಗೆ ಹೋಗಲಿ?

ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ದಿನಾಂಕ ಸಮೇತ. ಆಮೇಲೆ ತೆಗೆಯಿರಿ ಅಂತ ಕೇಳಿ. ಉಲ್ಟಾ ಮಾಡಿದರೆ ಪುರಾವೆ ಹೋಗುತ್ತದೆ. ಪ್ರತಿ ಕೌನ್ಸಿಲ್‌ನಲ್ಲೂ ಡೇಟಾ ಪ್ರೊಟೆಕ್ಷನ್ ಆಫೀಸರ್ ಇರಲೇಬೇಕು, ಅವರಿಗೇ ಬರೆಯಿರಿ. ಏನು, ಎಲ್ಲಿ, ಯಾವಾಗ, ಏನಾಗಬೇಕು ಅಂತ ನಾಲ್ಕು ಸಾಲು ಸಾಕು. ಉತ್ತರ ಸಮಾಧಾನ ತರದಿದ್ದರೆ ಮೂರು ತಿಂಗಳೊಳಗೆ ಐಸಿಒಗೆ ದೂರು ಕೊಡಿ. ಪರಿಹಾರದ ಹಣ ಐಸಿಒ ಕೊಡಿಸುವುದಿಲ್ಲ, ಅದಕ್ಕೆ ಕೋರ್ಟೇ ದಾರಿ. ಎಷ್ಟೋ ಸಲ ಆಫೀಸರ್‌ಗೆ ಬರೆದ ಆ ಮೊದಲ ಮೇಲ್‌ಗೇ ಪುಟ ಇಳಿದುಬಿಡುತ್ತದೆ.